ಕಟ್ಟಿದ ನಾಯಿ, ಕೊಟ್ಟ ನೆರಳು

ರಾಯಚೂರು, 2317ರ ಎರಡನೇ ಬೇಸಿಗೆ

ಮುನ್ನೂರು ವರ್ಷ ಹಿಂದಿನ ಹಿರಿಯರಿಗೆ ನಮಸ್ಕಾರ. ತಾರೀಕು ನೋಡಿ ಯಾರೋ ಚೇಷ್ಟೆ ಮಾಡಿದ್ದಾರೆ ಎನ್ನಬೇಡಿ. ನಮಗೆ ವರ್ಷಕ್ಕೆ ಎರಡು ಬೇಸಿಗೆ. ನಿಮಗೆ ಗೊತ್ತಿಲ್ಲದ ಮಾತುಗಳು ನುಸುಳಿದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ.

ನಮ್ಮ ಓಣಿಗೆ ಸರಿಚಪ್ಪರವಿದೆ. ಓಣಿಯಷ್ಟೇ ಉದ್ದದ ದಪ್ಪ ಬಟ್ಟೆ, ಕಂಬಿಗಳ ಮೇಲೆ ಬೇಕಾದ ಕಡೆ ಸರಿಯುತ್ತದೆ. ಹಗಲಿನಲ್ಲಿ ಕಾಯಿಪಲ್ಲೆ ಮಾರುವುದು, ಮಕ್ಕಳು ಆಡುವುದು, ಜಗಳ, ಎಲ್ಲವೂ ಅದರಡಿಯೇ. ನಾಯಿಗಳಿಗೂ ಕಾನೂನಿದೆ: ಹೊರಗೆ ಕಟ್ಟಿದರೆ ನೆರಳು, ನೀರು ಇರಬೇಕು, ಹಗ್ಗ ಎರಡಕ್ಕೂ ಎಟುಕಬೇಕು, ಕಟ್ಟಿದವರು ಅದರ ಕೂಗು ಕೇಳುವಷ್ಟು ಹತ್ತಿರ ಇರಬೇಕು. ಇಷ್ಟಕ್ಕೂ ಕಾನೂನು ಬೇಕೇ ಎಂದು ನಾನು ನಗುತ್ತಿದ್ದೆ.

ಯಾರಾದರೂ ತೀರಿಕೊಂಡರೆ ಪಕ್ಕದ ಓಣಿಯವರು ತಮ್ಮ ಚಪ್ಪರವನ್ನು ಆ ಮನೆಯ ಮೇಲೆ ಸರಿಸಿ, ತಾವೂ ಅಲ್ಲಿಗೆ ಹೋಗುತ್ತಾರೆ. ಇದಕ್ಕೆ ನೆರಳು ಕೊಡುವುದು ಎನ್ನುತ್ತೇವೆ. ಕೊಡದವರ ಮುಖ ಆಮೇಲೆ ಯಾರೂ ನೋಡುವುದಿಲ್ಲ. ಕಳೆದ ವಾರ ಹಿಂದಿನ ಓಣಿಯ ಸಂಗನಬಸಮ್ಮ ಹೋಗಿಬಿಟ್ಟರು. ಚಪ್ಪರದ ಕೀಲಿ ಅವ್ವನ ಬಳಿ ಇತ್ತು. ಸುದ್ದಿ ಬಂದ ಕೂಡಲೇ ನೆರಳು ಸರಿಸಿ, ಸೆರಗು ಬಾಯಿಗೆ ಒತ್ತಿಕೊಂಡು ಓಡಿದಳು. ನಮ್ಮ ನಾಯಿ ಗುಂಡ್ಯಾನನ್ನು ಬೆಳಿಗ್ಗೆ ಕಟ್ಟೆಯ ಕಂಬಕ್ಕೆ ಕಟ್ಟಿದ್ದವಳೂ ಅವಳೇ. ಓಣಿಗೆ ಓಣಿಯೇ ಸಾವಿನ ಮನೆಯಲ್ಲಿತ್ತು. ನಾನು ಕೆಲಸದಿಂದ ಬರುವಷ್ಟರಲ್ಲಿ ಕಟ್ಟೆಯ ಮೇಲೆ ಬಿಸಿಲು ಬಿದ್ದು ನೀರಿನ ಬೋಗುಣಿ ಒಣಗಿತ್ತು. ಗುಂಡ್ಯಾ ಬಾಗಿಲ ಕಡೆಗೆ ಹಗ್ಗ ಎಳೆದಷ್ಟು ಎಳೆದು ಮಲಗಿದ್ದ. ಉಸಿರಿರಲಿಲ್ಲ.

ಪಂಚರು ಬಂದು ವಿಚಾರಿಸಿದರು. ಅವ್ವ ಸುಳ್ಳು ಹೇಳಲಿಲ್ಲ.

“ಸತ್ತೋರ ಮನೀಗೆ ನೆಳ್ಳು ಕೊಟ್ಟೀನ್ರಿ. ಯಾರ ಮ್ಯಾಲಿಂದು ಕಸಗೊಂಡು ಕೊಟ್ಟೆ ಅಂತ ನೋಡ್ಲಿಲ್ಲ.”

ಇನ್ನು ಸಾಯುವವರೆಗೆ ಅವಳು ನಾಯಿ ಸಾಕುವಂತಿಲ್ಲ ಎಂದು ತೀರ್ಪಾಯಿತು. ಅವ್ವ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿದಳು.

ನನಗೆ ಅಳು ಬರಲಿಲ್ಲ, ಇನ್ನೂ ಬಂದಿಲ್ಲ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅವ್ವ ಮಾತ್ರ ಚಪ್ಪರದಡಿ ಬರುವುದನ್ನೇ ಬಿಟ್ಟಿದ್ದಾಳೆ. ಮಧ್ಯಾಹ್ನವಾದರೆ ಹಿತ್ತಲಿನ ಬಯಲಿಗೆ ಹೋಗಿ ಬಿಸಿಲಲ್ಲಿ ಕೂರುತ್ತಾಳೆ. ಕೈ ಹಿಡಿದು ಒಳಗೆ ತರುತ್ತೇನೆ, ಮತ್ತೆ ಹೋಗುತ್ತಾಳೆ. ಪಂಚರನ್ನು ಕೇಳಿದೆ. ತಾನಾಗಿ ಹೋಗಿ ಕೂತವರಿಗೆ ಕಾನೂನಿಲ್ಲವಂತೆ.

ನೀವು ಬೆಳಿಗ್ಗೆ ನೆರಳು ನೋಡಿಯೇ ನಾಯಿ ಕಟ್ಟಿರುತ್ತೀರಿ. ಈಗ ಆ ಜಾಗಕ್ಕೆ ಬಿಸಿಲು ಬಂದಿರಬಹುದು. ಕಾಗದ ಕೆಳಗಿಟ್ಟು ಎದ್ದು ಹೋಗಿ ನೋಡಿ. ನಾನೂ ಏಳುತ್ತೇನೆ, ಅವ್ವನನ್ನು ಕರೆತರಬೇಕು.

ಶಾಂತಗೌರಿ