ಕೆಂಪು ಗುಂಡಿ

ಫೆಬ್ರವರಿ 3, ಬೆಳಿಗ್ಗೆ 10.20

ನಮ್ಮ ಹೊಸ ವಿಡಿಯೋ ಗೇಮಿನ ಕೆರೆಯ ಮೇಲೆ ಮಂಜು ಇನ್ನೂ ಸರಿಯಾಗಿ ಕೂತಿಲ್ಲ. ಮೂವತ್ತು ಹೆಜ್ಜೆಗೆ ಇಟ್ಟರೆ ಕಸಕ್ಕೆ ಬೆಂಕಿ ಹಾಕಿದ ಹಾಗೆ. ಐವತ್ತಕ್ಕೆ ಇಟ್ಟರೆ ಪಿಕ್‌ನಿಕ್ ಜಾಗ. ನಲವತ್ತಕ್ಕೆ ನಿಲ್ಲಿಸಿದೆ. ಈಗ ಕೆರೆ ಅರ್ಧ ಕಾಣುತ್ತದೆ. ಜೊಂಡನ್ನೆಲ್ಲ ಒಂದೇ ಕಡೆ ಬಾಗಿಸಿದೆ, ಆದರೆ ಗಾಳಿ ಇಡಲಿಲ್ಲ. ಕಪ್ಪೆ ಸದ್ದನ್ನೂ ತೆಗೆದೆ. ನನಗೇ ಸ್ವಲ್ಪ ಮೈ ಜುಮ್ಮೆಂದಿತು.

ಮೇಷ್ಟ್ರು ಬಂದು ಕುರ್ಚಿ ಹಿಂದೆ ನಿಂತ. ಮೇಷ್ಟ್ರು ಅಂದರೆ ನಮ್ಮ ಟೀಮ್ ಲೀಡ್. ಯಾವ ಶಾಲೆಯಲ್ಲೂ ಕಲಿಸಿದವನಲ್ಲ, ಬಾಯಿ ತೆರೆದರೆ ಪಾಠ, ಅಷ್ಟೇ. “ಹೆದರಿಸಬೇಡ, ಹೆದರೋಕೆ ಜಾಗ ಬಿಡು” ಅಂದ. ಒಳ್ಳೇ ಮಾತು. ನನ್ನದೇ ಮಾತು, ಹೋದ ವರ್ಷ ನಾನೇ ಅವನಿಗೆ ಹೇಳಿದ್ದು.

ಎದುರಿಗೆ “ಹೌದು ಸರ್”. ಇಲ್ಲಿ “ಅವನು”. ನನ್ನ ಡೈರಿ, ನನ್ನ ಮರ್ಯಾದೆ.

ಫೆಬ್ರವರಿ 4

ಮರೆಯಬಾರದು, ಅದಕ್ಕೇ ಬರೆದಿಡುತ್ತಿದ್ದೇನೆ. ಹೋದ ಆಟದ ದೀಪಸ್ತಂಭದ ಮ್ಯಾಪ್, ಆಡುವವರು ನಡೆದಾಡುವ ಇಡೀ ಜಾಗ — ಏಳು ತಿಂಗಳು, ಪ್ರತಿ ಕಲ್ಲೂ ನನ್ನದು. ಪ್ರಶಸ್ತಿ ಬಂದಾಗ ಸ್ಟೇಜ್ ಹತ್ತಿದ್ದು ಅವನು. “ನನಗಾಗಿ ದುಡಿದ ಕೈಗಳಿಗೆ ಥ್ಯಾಂಕ್ಸ್” ಅಂದ. ಕೈಗಳು! ಆಟ ಮುಗಿದ ಮೇಲೆ ಓಡುವ ಹೆಸರುಗಳ ಪಟ್ಟಿಯಲ್ಲಿ ಹುಡುಕಿದೆ. ಎ.ಸಿ. ರಿಪೇರಿಯವರ ಹೆಸರೂ ಇತ್ತು. ನನ್ನದು ಇರಲಿಲ್ಲ.

ಅವನಿಗೂ ಒಂದು ದಿನ ಎಲ್ಲರೆದುರು ಬಾಯಿ ಒಣಗಬೇಕು. ಅಲ್ಲಿಯವರೆಗೆ ನನ್ನ ಹೊಟ್ಟೆ ತಣ್ಣಗಾಗುವುದಿಲ್ಲ.

ಫೆಬ್ರವರಿ 6, ಮಧ್ಯಾಹ್ನ

ಇವತ್ತು ನಕ್ಕೂ ನಕ್ಕೂ ಸಾಕಾಯಿತು. ಆಟ ಪರೀಕ್ಷೆ ಮಾಡುವವಳು — ಬಗ್ ಹುಡುಕುವವಳಾದ್ದರಿಂದ ಎಲ್ಲರಿಗೂ ತಿಗಣೆ — ಕೆರೆಯ ಮೇಲೆ ಕಬ್ಬಿಣದ ಮಂಚ ತೇಲುತ್ತಿದೆ ಅಂತ ಕರೆದಳು. ಹೊಸದಾಗಿ ಸೇರಿದವಳ ಕೆಲಸ. ಮಂಚ ಬೇಡ ಅಂತ ಅದರ ಪಕ್ಕದ ಕಣ್ಣಿನ ಗುರುತು ಒತ್ತಿದ್ದಾಳೆ. ಆ ಕಣ್ಣು ಮುಚ್ಚಿದರೆ ವಸ್ತು ಮರೆಯಾಗುವುದು ನಮ್ಮ ಸ್ಕ್ರೀನಿನಲ್ಲಿ ಮಾತ್ರ. ಆಟದಲ್ಲಿ ಹಾಗೇ ಇರುತ್ತದೆ. ಬೇಡವಾದರೆ ಡಿಲೀಟ್ ಮಾಡಬೇಕು.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತು ಅಂದೆ. ಪಾಪ, ಅವಳ ಮುಖ ಕೆಂಪಾಯಿತು. ಸಂಜೆಯೊಳಗೆ ಅವಳ ಹೆಸರು ಬೆಕ್ಕು.

ಫೆಬ್ರವರಿ 9

ಸಿಕ್ಕಿತು.

ಕೆರೆ ದಂಡೆಗೆ ಬಟ್ಟೆ ಒಗೆಯುವ ಕಲ್ಲೊಂದನ್ನು ಇಡುತ್ತಿದ್ದೆ. ಮಂಜು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಅದೇ. ಖಾಲಿ ಕಲ್ಲು ನೋಡುತ್ತಾ ಕೂತಾಗ ನೆನಪಾಯಿತು... ಎರಡು ವರ್ಷದ ಹಿಂದೆ, ಟ್ರಿಪ್ಪಿನ ಬಸ್ಸಿನಲ್ಲಿ, ಪಕ್ಕದ ಸೀಟಿನಲ್ಲಿ ಕೂತು ಮೇಷ್ಟ್ರು ಹೇಳಿದ್ದು. ಆಗ ನಾವು ಸ್ನೇಹಿತರು.

ಅವನಿಗೆ ಆರು ವರ್ಷ, ಅಣ್ಣನಿಗೆ ಒಂಬತ್ತು. ಅಣ್ಣ ಶರ್ಟು ಬಿಚ್ಚಿ ಕಲ್ಲಿನ ಮೇಲೆ ಮಡಿಸಿಟ್ಟು ಕೆರೆಗೆ ಇಳಿದ. ಮಡಿಸದಿದ್ದರೆ ಅಮ್ಮ ಬೈಯುತ್ತಾಳೆ ಅಂತ ನೀಟಾಗಿ ಮಡಿಸಿದ್ದನಂತೆ. ಮೇಲೆ ಬರಲೇ ಇಲ್ಲ. ಬಿಳಿ ಶರ್ಟು. ಮೂರನೇ ಗುಂಡಿ ಮಾತ್ರ ಕೆಂಪು. ಮನೆಯಲ್ಲಿ ಬಿಳಿ ಗುಂಡಿ ಮುಗಿದಿತ್ತು, ಅವತ್ತು ಬೆಳಿಗ್ಗೆ ತಾನೇ ಅಮ್ಮ ಹೊಲಿದದ್ದು. ಇದನ್ನು ಯಾರಿಗೂ ಹೇಳಿಲ್ಲ ಅಂದಿದ್ದ.

27ಕ್ಕೆ ದೊಡ್ಡ ಸ್ಕ್ರೀನಿನಲ್ಲಿ ಪ್ರದರ್ಶನ. ಎಲ್ಲರೂ ಇರುತ್ತಾರೆ. ಪದ್ಧತಿಯಂತೆ ಮ್ಯಾಪ್ ನಡೆದು ತೋರಿಸುವವನು ಲೀಡ್. ನಡಿ ಮೇಷ್ಟ್ರೇ, ನಡಿ.

ಫೆಬ್ರವರಿ 12

ಅಕ್ಕನ ಮನೆ. ಅಕ್ಕ ಟೈಲರ್. ಕಂಪ್ಯೂಟರಿನಲ್ಲಿ ಹೊಲಿದ ಬಟ್ಟೆ ಬಟ್ಟೆಯಂತೆ ಬೀಳುವುದಿಲ್ಲ. ನಿಜವಾದದ್ದನ್ನು ಸುತ್ತಲೂ ಫೋಟೋ ತೆಗೆದು ಮಾಡಿದರೆ ಮಾತ್ರ ನೆರಿಗೆ ಬರುತ್ತದೆ. ಒಂಬತ್ತು ವರ್ಷದ ಮಗುವಿನ ಅಳತೆಗೆ ಒಂದು ಬಿಳಿ ಶರ್ಟು ಬೇಕು ಅಂದೆ. ಯಾರ ಮಗುವಿಗೆ ಅಂದಳು. ಆಟದ ಮಗುವಿಗೆ ಅಂದೆ. ಮೂರನೇ ಗುಂಡಿ ಕೆಂಪಿರಲಿ ಅಂದಾಗ ಸೂಜಿ ಕೆಳಗಿಟ್ಟಳು. ಡಬ್ಬಿ ತುಂಬ ಬಿಳಿ ಇರುವಾಗ ಕೆಂಪು ಯಾಕೆ ಅಂತ ಪಟ್ಟು ಹಿಡಿದಳು. ಅವಳೆದುರು ಸುಳ್ಳು ನಡೆಯುವುದಿಲ್ಲ. ಹೇಳಿಬಿಟ್ಟೆ.

ಕೇಳಿ ಮುಗಿಸಿ, ಗುಂಡಿ ಹೊಲಿದು, ಹಲ್ಲಲ್ಲಿ ದಾರ ಕಡಿದಳು.

“ಈ ಗುಂಡಿ ಹೊಲಿದೋಳು ನಾನು. ಗುಂಡಿ ತೋಡ್ತಿರೋಳು ನೀನು. ಯಾರು ಬೀಳ್ತಾರೆ ಅಂತ ಒಂದ್ಸಲ ಬಗ್ಗಿ ನೋಡ್ಕೋ.”

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಆ ಮನೆಯಲ್ಲಿ ಅಕ್ಕನ ಮಾತಿನ ಮೇಲೆ ಇನ್ನೊಬ್ಬರ ಮಾತಿಲ್ಲ. ಶರ್ಟು ಬ್ಯಾಗಿಗೆ ಹಾಕಿಕೊಂಡು ಎದ್ದು ಬಂದೆ.

ಫೆಬ್ರವರಿ 24

ಶರ್ಟು ಮುಗಿಯಿತು. ನೂರಾ ಹತ್ತು ಫೋಟೋ, ಹತ್ತು ದಿನ. ಕಾಲರಿನ ಒಳಗೆ ಬೆವರಿನ ಹಳದಿ ಕೂಡ ಹಾಕಿದೆ. ನಾನು ಮಾಡಿದ್ದರಲ್ಲೇ ಅತಿ ಒಳ್ಳೆಯ ಕೆಲಸ, ಹೇಳಿಕೊಳ್ಳಲು ಯಾರೂ ಇಲ್ಲ. ಯಾರ ಕಣ್ಣಿಗೂ ಬೀಳದಂತೆ ನನ್ನ ಮೆಷಿನ್ನಿನಲ್ಲೇ ಇದೆ. ಕೊನೇ ದಿನ ಮ್ಯಾಪಿಗೆ ಸೇರಿಸುವುದು.

ಫೆಬ್ರವರಿ 26, ಬೆಳಿಗ್ಗೆ 11

ಇಟ್ಟೆ. ಕಲ್ಲಿನ ಮೇಲೆ, ಮಡಿಸಿ, ಗುಂಡಿಗಳು ಮೇಲೆ ಕಾಣುವ ಹಾಗೆ. ಕೆಂಪಿಗೆ ಒಂಚೂರು ಬೆಳಕು ಜಾಸ್ತಿ ಕೊಟ್ಟೆ. ಇಡೀ ಕೆರೆ ಬೂದಿ ಬಣ್ಣ, ಅದೊಂದೇ ಕೆಂಪು. ಚೆನ್ನಾಗಿದೆ. ಹಾಳಾದ್ದು, ತುಂಬಾ ಚೆನ್ನಾಗಿದೆ.

ಅದೇ ದಿನ, ಸಂಜೆ 4.40

ಹೆಸರುಗಳ ಪಟ್ಟಿ ಮೇಲ್‌ನಲ್ಲಿ ಬಂತು. ಎಲ್ಲಕ್ಕಿಂತ ಮೇಲೆ, ಒಂದು ಸಾಲು ಪೂರ್ತಿ ನನ್ನ ಹೆಸರು. ಕೆಳಗೆ ಅವನದು. “ದೀಪಸ್ತಂಭದ್ದೂ ತಿದ್ದಿಸಿದ್ದೀನಿ. ತಪ್ಪು ನನ್ನದು” ಅಂತ ಒಂದು ಸಾಲು, ಅಷ್ಟೇ.

ಓದಿ ಇನ್ನೂ ಸಿಟ್ಟು ಬಂತು. ಒಂದು ವರ್ಷ ಸಾಕಿದ ಹಗೆ... ಈಗ ಅದನ್ನೆಲ್ಲಿ ಕಟ್ಟಿಹಾಕಲಿ? ಒಂದು ಸಾಲಿಗೆ ಎಲ್ಲ ಸರಿಹೋಯಿತೇ? ಹೋಗಲಿಲ್ಲ. ಆದರೂ ಶರ್ಟಿನ ಕಡೆ ನೋಡಲಾಗಲಿಲ್ಲ. ಅಕ್ಕನ ಮಾತು ಕಿವಿಯಲ್ಲೇ ಇತ್ತು. ಐದಕ್ಕೆ ನಾಳೆ ಆಡುವ ಪ್ರತಿ ತಯಾರಾಗಿಬಿಡುತ್ತದೆ. ಗಡಿಬಿಡಿ. ಅಳಿಸಲು ಕೈ ಬರಲಿಲ್ಲ — ಹತ್ತು ದಿನದ ಕೆಲಸ, ಮೇಲಾಗಿ ಮುಂದೆ ಬೇಕಾದರೂ ಬೇಕಾದೀತು ಅಂತ ಒಂದು ಹಾಳು ಯೋಚನೆ. ಶರ್ಟಿನ ಪಕ್ಕದ ಕಣ್ಣು ಮುಚ್ಚಿಸಿದೆ. ಕಲ್ಲು ಖಾಲಿಯಾಯಿತು. ಸೇವ್ ಮಾಡಿ ಕಳಿಸಿದೆ.

ಕೈ ತೊಳೆದುಕೊಂಡೆ.

ಫೆಬ್ರವರಿ 27, ಬೆಳಿಗ್ಗೆ 11.15

ದೊಡ್ಡ ಹಾಲ್, ಕೊನೇ ಸಾಲು. ಮನೆಯವರನ್ನೂ ಕರೆತರಬಹುದು ಅಂದಿದ್ದರಂತೆ. ಮೇಷ್ಟ್ರು ಅಮ್ಮನನ್ನು ಕರೆತಂದಿದ್ದಾನೆ. ಸಣ್ಣ ಜೀವ, ಕನ್ನಡಕ ದಾರದಲ್ಲಿ ಕತ್ತಿಗೆ ನೇತಾಡುತ್ತಿದೆ. ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು.

“ನೀನೇನಮ್ಮಾ ಅವಳು? ಹೆಸರು ಬಿಟ್ಟಿದ್ದ ಅಂತ ಮೊನ್ನೆ ಬಾಯಿಬಿಟ್ಟ. ತಿದ್ದೋವರೆಗೂ ಮನೆಗೆ ಬರಬೇಡ ಅಂದೆ. ಒಬ್ಬರ ಮಗು ಮಾಡಿದ್ದನ್ನ ನಂದು ಅನ್ನಬಾರದು.”

ಕುಡಿಯೋಕೆ ನೀರು ತಂದುಕೊಟ್ಟೆ. ಆ ತಾಯಿಗೋಸ್ಕರವಾದರೂ ಅವನನ್ನು “ಅವರು” ಅಂತ ಬರೆಯಬೇಕೇನೋ. ನೋಡೋಣ.

ಶುರುವಾಯಿತು. ಅವನು ಆಡುತ್ತಿಲ್ಲ. ಆಟ ನಡೆಸುವ ಕಂಟ್ರೋಲರನ್ನು ಅಮ್ಮನ ಕೈಗೆ ಕೊಟ್ಟಿದ್ದಾನೆ. ನಡಿ ಅಮ್ಮ, ಹೆದರಬೇಡ, ಬರೀ ಮಂಜು ಅನ್ನುತ್ತಿದ್ದಾನೆ. ಎಲ್ಲರೂ ನಗುತ್ತಿದ್ದಾರೆ. ಅಮ್ಮ ಜೊಂಡಿನ ನಡುವೆ ಹೆಜ್ಜೆ ಹೆಜ್ಜೆಯಾಗಿ ಬರುತ್ತಿದ್ದಾರೆ. ಚೆನ್ನಾಗಿ ನಡೆಯುತ್ತಿದ್ದಾರೆ.

ಪಕ್ಕದಲ್ಲಿ ತಿಗಣೆ. ಕಲ್ಲಿನ ಮೇಲಿನ ಬಟ್ಟೆ ಸಖತ್ತಾಗಿದೆ, ಬೆಳಿಗ್ಗೆ ಆಡುವಾಗ ನೋಡಿದೆ ಅಂದಳು. ಕಾಣಲ್ಲ ಅದು, ನಿನ್ನೆ ಕಣ್ಣು ಮುಚ್ಚಿಸಿದೀನಲ್ಲ ಅಂದೆ. ಕಣ್ಣಷ್ಟೇನಾ ಅಂದಳು.

ಕಣ್ಣು. ಡಿಲೀಟ್ ಅಲ್ಲ. ಕಣ್ಣು.

ಮಂಜು ದಾಟಿದರು. ನಿಂತರು. ಕನ್ನಡಕ ಏರಿಸಿಕೊಂಡು ಎದ್ದು ಸ್ಕ್ರೀನಿನ ಹತ್ತಿರ ಹೋಗುತ್ತಿದ್ದಾರೆ. ಬೆರಳಿಟ್ಟು ಶರ್ಟಿನ ಗುಂಡಿ ಎಣಿಸುತ್ತಿದ್ದಾರೆ. ಒಂದು. ಎರಡು.