ತಿಪ್ಪವ್ವನ ಸೂಟಿ

ಹಡಗಲಿ

ಮಲ್ಲಿಗೆ ತೋಟದ ಬೆನಕಪ್ಪ ಸಾವ್ಕಾರರಿಗೆ, ನಿಮ್ಮಲ್ಲಿ ಹೂ ಬಿಡಿಸುವ ಎರ್ರೆಮ್ಮನ ನಮಸ್ಕಾರ.

ತಿಪ್ಪವ್ವ ದೇವರಲ್ಲ. ವರ್ಷದಲ್ಲಿ ಒಂದು ದಿನವೂ ನಮಗೆ ರಜೆ ಇಲ್ಲವೆಂಬ ಸಿಟ್ಟಿಗೆ, ಹೂ ಬಿಡಿಸುತ್ತ ನಾನೇ ಕಟ್ಟಿದ ಕಥೆಯ ಹೆಂಗಸು. ಕಥೆಯಲ್ಲಿ ಆಕೆ ತೋಟದ ಧಣಿಗೆ, "ಇವತ್ತು ಗಿಡಕ್ಕೂ ಸೂಟಿ, ನನಗೂ ಸೂಟಿ ಐತ್ರಿ" ಎಂದು ಹೇಳಿ ಮಲಗುತ್ತಾಳೆ. ಹೋದ ವರ್ಷ ಅವಳ ಹೆಸರಿನಲ್ಲಿ ಹಬ್ಬ ಮಾಡಿ ನಾವೂ ಹೊದ್ದು ಮಲಗಿದೆವು.

ಈ ವರ್ಷ ನೀವು ಆಕೆಯನ್ನು ದೇವರು ಮಾಡಿ, ಕಟ್ಟೆ ಕಟ್ಟಿಸಿ, ಮೈಕು ಹಚ್ಚಿಸಿ, "ನಾಳೆ ಅವ್ವಗ ಹೂವಿನ ಅಲಂಕಾರ ಐತಿ, ನಸುಕಿನಾಗ ಎಲ್ಲಾರೂ ಬಿಡಿಸಾಕ ಬರ್ರಿ" ಎಂದು ಹೇಳಿಕಳಿಸಿದ್ದೀರಿ. ಸೂಟಿ ಕೇಳಿದವಳ ಹಬ್ಬಕ್ಕೆ ನಮ್ಮ ಸೂಟಿಯನ್ನೇ ಕಿತ್ತುಕೊಂಡಿರಿ.

ತಿಪ್ಪವ್ವನನ್ನು ನೀವೇ ಇಟ್ಟುಕೊಳ್ಳಿ. ಆಕೆಗೆ ನಾನು ಈಗಷ್ಟೇ ಒಬ್ಬ ತಂಗಿಯನ್ನು ಹುಟ್ಟಿಸಿದ್ದೇನೆ. ನಾಳೆ ಆ ತಂಗಿಯ ಹಬ್ಬ. ಬುಟ್ಟಿಗಳು ಪಂಪ್‌ಸೆಟ್ಟಿನ ಮನೆಯಲ್ಲಿವೆ, ಹೂ ನೀವೇ ಬಿಡಿಸಿಕೊಳ್ಳಿ.

ಇಂತಿ,
ಎರ್ರೆಮ್ಮ