ಗುರುವಾರದ ಅತಿಥಿ

ಸಮುದ್ರದ ದಂಡೆಯ ಹೋಟೆಲು, ಮಹಡಿಯ ಕೊನೆಯ ಕೋಣೆ
ಶುಕ್ರವಾರ, ಬೆಳಗ್ಗೆ

ಅಮ್ಮಾ, ನಿನ್ನ ಜಗಳಗಂಟಿಯ ಪ್ರೀತಿಯ ನಮಸ್ಕಾರ.

ಕುತ್ತಿಗೆ ನೋವು ಹೇಗಿದೆ? ಬಿಸಿನೀರಿನ ಶಾಖ ಕೊಟ್ಟುಕೊಳ್ಳುತ್ತಿದ್ದೀಯಾ? ಇಲ್ಲ ಎಂದು ನನಗೆ ಗೊತ್ತು. ಇನ್ನೊಂದು ರವಿಕೆ ಮುಗಿಸಿ, ಇನ್ನೊಂದು ಅಂಚು ಮಡಚಿ ಎನ್ನುತ್ತಾ ಕತ್ತಲಾಗುವವರೆಗೆ ಮೆಷಿನ್ನಿನ ಮುಂದೆ ಕೂತಿರುತ್ತೀಯ. ದೀಪ ಹಾಕಿಕೊಳ್ಳದೆ ಸೂಜಿಗೆ ದಾರ ಪೋಣಿಸಬೇಡ, ಕಣ್ಣು ಎರವಲು ಸಿಗುವುದಿಲ್ಲ. ನನ್ನ ಆರೋಗ್ಯಕ್ಕೇನೂ ಕೊರತೆಯಿಲ್ಲ. ಇಲ್ಲಿಯ ಗಾಳಿಗೆ ಹಸಿವೆಯೋ ಹಸಿವೆ. ಹೀಗೇ ಇನ್ನಷ್ಟು ದಿನ ಇದ್ದರೆ ನನ್ನ ಲಂಗಗಳನ್ನೆಲ್ಲ ನೀನು ಬಿಚ್ಚಿ ಹೊಲಿಯಬೇಕಾಗುತ್ತದೆ.

ನಾನು ಇಲ್ಲಿಗೆ ಗಾಳಿ ಸೇವನೆಗೆ ಬಂದವಳಲ್ಲ, ತನಿಖೆಗೆ ಬಂದವಳು. ಈ ಹೋಟೆಲಿನ ಯಜಮಾನರು ನಿನ್ನನ್ನು ಮದುವೆಯಾಗಲು ಕೇಳಿದ್ದಾರೆಂದು ನೀನು ಹೇಳಿದ ದಿನ, "ನೀನು ಹೂಂ ಅಂದ್ರೆ ಹೂಂ. ಇಲ್ಲಾಂದ್ರೆ ಈ ಮಾತು ಇಲ್ಲಿಗೇ ಮುಗೀತು" ಅಂದೆಯಲ್ಲ, ಆ ಮಾತು ನನಗೆ ಇವತ್ತಿಗೂ ಒಪ್ಪಿಗೆಯಿಲ್ಲ. ಹೆಂಗಸೊಬ್ಬಳ ಬದುಕಿಗೆ ತಂದೆಯ ಅಪ್ಪಣೆ, ಆಮೇಲೆ ಗಂಡನ ಅಪ್ಪಣೆ, ಅವರಿಬ್ಬರೂ ಇಲ್ಲದಿದ್ದರೆ ಮಗಳ ಅಪ್ಪಣೆಯೇ? ಸರಪಳಿಯ ಕೊನೆಯ ಕೊಂಡಿಯಾಗಲು ನಾನು ಸಿದ್ಧಳಿಲ್ಲ. ಆದರೆ ನನ್ನ ಭಯವನ್ನು ಮುಚ್ಚಿಡುವುದೂ ಇಲ್ಲ. ಅಪ್ಪ ಹೋದ ಮೇಲೆ ನೀನು ಕಟ್ಟಿದ ಅಂಗಡಿ ಅದು. ಬೋರ್ಡಿನ ಮೇಲೆ ನಿನ್ನದೇ ಹೆಸರಿದೆ. ಅದಕ್ಕೆ ಬೀಗ ಹಾಕಿ, ನೀನು ಯಾರದೋ ಹೋಟೆಲಿನಲ್ಲಿ ಸಂಬಳವೂ ಇಲ್ಲದ, ರಜೆಯೂ ಇಲ್ಲದ, ಮನೆಯವಳು ಎಂಬ ಬಿರುದು ಮಾತ್ರ ಇರುವ ಆಳಾಗಿಬಿಟ್ಟರೆ? ಅವರು ಪರದೆ ಹೊಲಿಸಲು ಅಂಗಡಿಗೆ ಬಂದಾಗಲೆಲ್ಲ ನಾನು ಬೀದಿಯಲ್ಲಿ ಕರಪತ್ರ ಹಂಚುತ್ತಿದ್ದೆ. ನನ್ನ ಮುಖ ಅವರಿಗೆ ಗೊತ್ತಿಲ್ಲದ್ದು ಒಳ್ಳೆಯದೇ ಆಯಿತು. ಸಾಮಾನ್ಯ ಗಿರಾಕಿಯ ಹಾಗೆ ಬಂದು ಕೀಲಿಕೈ ತೆಗೆದುಕೊಂಡೆ.

ಮೊದಲು ನಿನ್ನ ಪರದೆಗಳ ವಿಷಯ. ಈ ಮನೆಯನ್ನು ದುಡ್ಡು ಕೈಗೂಡಿದಾಗ ಒಂದೊಂದೇ ಕೋಣೆಯಾಗಿ ಕಟ್ಟಿದ್ದಂತೆ, ಹಾಗಾಗಿ ಒಂದು ಕಿಟಕಿಯ ಅಳತೆ ಇನ್ನೊಂದಕ್ಕಿಲ್ಲ. ಆದರೂ ಪ್ರತಿ ಪರದೆಯೂ ಅದರದರ ಕಿಟಕಿಗೆ ಹೇಳಿ ಮಾಡಿಸಿದ ಹಾಗೆ ಕೂತಿದೆ. ಅಂಚಿನೊಳಗೆ ನೀನು ಸಣ್ಣ ಕಲ್ಲು ಇಟ್ಟು ಹೊಲಿದಿದ್ದೀಯಲ್ಲ, ಸಮುದ್ರದ ಗಾಳಿ ಎಷ್ಟು ಜಗ್ಗಿದರೂ ಅವು ತುಸು ಅಲುಗಾಡಿ ಸುಮ್ಮನಾಗುತ್ತವೆ. ಹೊಟ್ಟೆ ತುಂಬಿತು ಅಮ್ಮಾ. ಇನ್ನು ಇಲ್ಲಿಯ ನಿಶ್ಶಬ್ದ. ಉಪ್ಪುಗಾಳಿಗೆ ಬಾಗಿಲಿನ ತಿರುಗಣಿಗಳೆಲ್ಲ ತುಕ್ಕು ಹಿಡಿದು ಕಿರುಗುಟ್ಟಬೇಕಿತ್ತು. ಹೋಟೆಲಿನವರು ಪ್ರತಿದಿನ ಬೆಳಗ್ಗೆ ಹಕ್ಕಿಯ ಗರಿಯೊಂದನ್ನು ಎಣ್ಣೆಯಲ್ಲಿ ಅದ್ದಿ ಪ್ರತಿ ಬಾಗಿಲಿಗೂ ಸವರುತ್ತಾ ಬರುತ್ತಾರೆ. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಚಹಾದ ತಟ್ಟೆ ಹಿಡಿದು ಬಂದರೆ ಮೊಣಕೈಯಿಂದ ಬಾಗಿಲು ತಟ್ಟುತ್ತಾರೆ. ಹಾಸಿಗೆಯ ಬಟ್ಟೆ ಒಗೆಯುವವರೂ ಅವರೇ, ಇಸ್ತ್ರಿ ಮಾಡುವವರೂ ಅವರೇ. ಮಾಲೀಕ ಎಂಬ ಪದಕ್ಕೆ ನನ್ನ ಪುಸ್ತಕಗಳಲ್ಲಿ ಇರುವ ಚಿತ್ರ ಬೇರೆಯೇ. ಈ ಮನುಷ್ಯ ಅದರೊಳಗೆ ಯಾವ ಕಡೆಯಿಂದ ತುರುಕಿದರೂ ಹಿಡಿಯಲಿಲ್ಲ.

ಆದರೆ ಗಂಡಸು ಬಟ್ಟೆ ಒಗೆದ ಕೂಡಲೇ ಮರುಳಾಗುವವಳು ನಾನಲ್ಲ. ಅವರ ತಮ್ಮ ಅಡುಗೆ ನೋಡಿಕೊಳ್ಳುತ್ತಾನೆ, ತಮ್ಮನ ಹೆಂಡತಿ ಕೋಣೆಗಳನ್ನೂ ಗಿರಾಕಿಗಳನ್ನೂ ನೋಡಿಕೊಳ್ಳುತ್ತಾಳೆ. ಅವಳನ್ನು ಹಿತ್ತಲಿನಲ್ಲಿ ಬಟ್ಟೆ ಮಡಚುವಾಗ ಹಿಡಿದೆ. "ಅಕ್ಕಾ, ಇಷ್ಟೆಲ್ಲ ದುಡೀತೀರಲ್ಲ, ನಿಮ್ಮ ದುಡಿಮೆಗೆ ಬೆಲೆ ಏನು?" ಎಂದು ಶುರುಮಾಡಿ ಮನೆಗೆಲಸದ ಶೋಷಣೆಯ ಬಗ್ಗೆ ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಅವಳು ಹಾಸಿಗೆ ಬಟ್ಟೆಯ ಎರಡು ತುದಿ ನನ್ನ ಕೈಗಿಟ್ಟು, "ಮಾತಾಡ್ತಾ ಇರು, ಹಾಗೇ ಮಡಚು" ಅಂದಳು. ಬುಟ್ಟಿ ಖಾಲಿಯಾದ ಮೇಲೆ, "ಗುರುವಾರದ ತನಕ ಇರ್ತೀಯಲ್ಲ? ನೋಡು, ಆಮೇಲೆ ಭಾಷಣ ಮಾಡು" ಎಂದಳು.

ಅಮ್ಮಾ, ಇವರ ಮನೆಯಲ್ಲೊಂದು ಪದ್ಧತಿ ಇದೆ. ಪ್ರತಿ ಗುರುವಾರ ಮನೆಯವರಲ್ಲಿ ಒಬ್ಬರು ಅತಿಥಿಯಾಗುತ್ತಾರೆ. ಚೀಲ ಹಿಡಿದು ಮುಂಬಾಗಿಲಿನಿಂದಲೇ ಬರಬೇಕು, ಕೀಲಿಕೈ ಕೇಳಿ ಪಡೆಯಬೇಕು. ಅಂದು ಇಡೀ ದಿನ ಅವರು ಒಂದು ಲೋಟವನ್ನೂ ಎತ್ತುವಂತಿಲ್ಲ. ಉಳಿದವರು ಅವರನ್ನು ಸಾರ್ ಅಥವಾ ಮೇಡಂ ಎಂದೇ ಕರೆಯಬೇಕು. ಅತಿಥಿಯಾದವರು ಒಂದಾದರೂ ದೂರು ಹೇಳಲೇಬೇಕು. ಸೋರುವ ನಲ್ಲಿ, ಗಟ್ಟಿ ದಿಂಬು ಯಾವುದೆಂದು ತಿಳಿಯಲಿ ಎಂದು ಹೋಟೆಲಿನವರ ತಾಯಿ ಶುರುಮಾಡಿದ್ದಂತೆ. ಈಗ ಅದು ಅಷ್ಟಕ್ಕೇ ನಿಂತಿಲ್ಲ. ತಮ್ಮನ ಹೆಂಡತಿ ಹೇಳಿದ್ದು ಕೇಳು: "ಸೊಸೆಯಾಗಿ ಹೇಳಿದ್ರೆ ಜಗಳ ಅಂತಾರೆ. ಗಿರಾಕಿಯಾಗಿ ಹೇಳಿದ್ರೆ ದೂರು. ದೂರಿಗೆ ಉತ್ತರ ಕೊಡ್ಲೇಬೇಕಲ್ಲ!" ನಾನು ಓದಿದ ಯಾವ ಕಿರುಹೊತ್ತಗೆಯಲ್ಲೂ ಇಂಥ ಒಂದು ಸಾಲು ಸಿಕ್ಕಿರಲಿಲ್ಲ. ಕುಂದೂ ಇದೆ, ಬರೆದುಬಿಡುತ್ತೇನೆ. ಪ್ರವಾಸಿಗರು ತುಂಬುವ ತಿಂಗಳುಗಳಲ್ಲಿ ಈ ಪದ್ಧತಿ ನಿಂತುಹೋಗುತ್ತದೆ. ಹೆಚ್ಚು ದಣಿಯುವಾಗಲೇ ತಾನೇ ಇದು ಬೇಕಾದದ್ದು? ಅವರಿಗೂ ಮುಖಕ್ಕೆ ಹೊಡೆದ ಹಾಗೆ ಹೇಳಿದ್ದೇನೆ.

ನಿನ್ನೆಯ ಸರದಿ ಅಜ್ಜಿಯದು, ಅಂದರೆ ಹೋಟೆಲಿನವರ ತಾಯಿಯದು. ನನ್ನ ಪಕ್ಕದ ಕೋಣೆಯನ್ನೇ ಹಿಡಿದರು. ಸಂಜೆ ನಮ್ಮ ಕೋಣೆಗಳ ಮುಂದಿನ ಮಹಡಿಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕಾಲು ಚಾಚಿ ಕೂತು, ಚಹಾ ತಂದ ಮಗನಿಗೆ, "ಏನ್ರೀ ಮ್ಯಾನೇಜರ್, ಇದು ಚಹಾನಾ, ಕೈತೊಳೆದ ನೀರಾ?" ಎಂದರು. "ಕ್ಷಮಿಸಿ ಮೇಡಂ, ಬೇರೆ ತರ್ತೀನಿ." "ಬೇಡ, ನಿಲ್ಲಿ. ನಿಮ್ಮ ಯಜಮಾನ ಈ ವಯಸ್ಸಲ್ಲಿ ಮದುವೆ ಆಗ್ತಾನಂತಲ್ಲ, ಹೌದೇನ್ರೀ?" ನಾನು ನನ್ನ ಬಾಗಿಲಿನೊಳಗೆ ಪುಸ್ತಕ ಹಿಡಿದು ಕಲ್ಲಾದೆ. ಹೋಟೆಲಿನವರು ತಟ್ಟೆಯನ್ನು ಎದೆಗೊತ್ತಿಕೊಂಡು, ತಮ್ಮದೇ ವಿಷಯವನ್ನು ಬೇರೆ ಯಾರದೋ ಎಂಬಂತೆ ಹೇಳಿದರು, "ಯಜಮಾನರಿಗೆ ಆಸೆ ಇದೆ ಮೇಡಂ. ಆಕೆ ಇನ್ನೂ ಏನೂ ಹೇಳಿಲ್ಲ." "ಬಂದ್ರೆ ಇಲ್ಲಿ ಪಾತ್ರೆ ತಿಕ್ಕಬೇಕಾ ಆಕೆ?" "ಅಯ್ಯೋ, ಇಲ್ಲ. ಆಕೆಗೆ ಅಂಗಡಿ ಇದೆ. ಅಂಗಡಿ ಬಿಡಿ ಅನ್ನೋಕೆ ಯಜಮಾನರಿಗೆ ಬಾಯಿ ಬರಲ್ಲ. ವಾರದಲ್ಲಿ ಮೂರ್ನಾಲ್ಕು ದಿನ ಯಜಮಾನರೇ ಅಲ್ಲಿಗೆ ಹೋದ್ರೂ ಆಯ್ತು." ಅಜ್ಜಿ ದನಿ ತಗ್ಗಿಸಿ, "ಅವನು ಅಲ್ಲಿಗೆ ಹೋದ್ರೆ ಅವನ ಅಮ್ಮನ ಗತಿ?" ಎಂದರು. "ಅವರು ಗಟ್ಟಿ ಹೆಂಗಸು ಮೇಡಂ." "ಗಟ್ಟಿ ಅಂತ ನಿಮಗ್ಯಾರು ಹೇಳಿದ್ದು? ಆಕೆಗೂ ಕಾಲು ನೋಯುತ್ತೆ. ಆಕೆಗೂ ಭಯ ಆಗುತ್ತೆ. ಬರ್ಕೊಳ್ಳಿ ಇದನ್ನ. ಇದು ನನ್ನ ದೂರು." ಹೋಟೆಲಿನವರು ತಟ್ಟೆ ಕೆಳಗಿಟ್ಟು, ಅಜ್ಜಿಯ ಕಾಲಬಳಿ ನೆಲದ ಮೇಲೆ ಕೂತು ಹಿಮ್ಮಡಿ ಒತ್ತತೊಡಗಿದರು. ಒತ್ತುತ್ತಲೇ ಹೇಳಿದರು, "ಯಜಮಾನರು ಅಮ್ಮನನ್ನ ಬಿಟ್ಟು ಎಲ್ಲೂ ಹೋಗಲ್ಲ ಮೇಡಂ. ಹೋದ ದಿನ ಕತ್ತಲಾಗೋದರೊಳಗೆ ವಾಪಸ್ ಬರ್ತಾರೆ."

ಅಲ್ಲಿಗೆ ಮುಗಿದಿದ್ದರೆ ನಾನು ಬಚಾವು. ಅಜ್ಜಿ ಕಣ್ಣೊರೆಸಿಕೊಂಡು, "ಆಕೆಗೊಬ್ಬ ಮಗಳಿದಾಳಂತೆ. ಬಲು ಜೋರಂತೆ?" ಎಂದರು. "ಹೌದಂತೆ ಮೇಡಂ. ಪುಸ್ತಕ ಓದಿ ಜಗಳ ಆಡ್ತಾಳಂತೆ. ಯಜಮಾನರಿಗೆ ಅವಳದೇ ಭಯ." ನನಗೆ ತಡೆಯಲಾಗಲಿಲ್ಲ. "ಜೋರಲ್ಲ, ನೇರ!" ಎಂದು ಒಳಗಿನಿಂದಲೇ ಕೂಗಿಬಿಟ್ಟೆ. ನಾನು ಬೆಪ್ಪಾಗಿ ಹೊರಗೆ ಬಂದು ನಿಂತೆ. ಹೋಟೆಲಿನವರ ಮುಖ ಸುಣ್ಣವಾಗಿತ್ತು. ಅಜ್ಜಿ ಮಾತ್ರ ಮೇಡಂ ಆಗಿಯೇ ಉಳಿದು, "ಏನ್ರೀ ಮ್ಯಾನೇಜರ್, ಪಕ್ಕದ ರೂಮಿನವರು ನಮ್ಮ ಮಾತಿಗೆ ಬಾಯಿ ಹಾಕ್ತಾರೆ! ಇದೆಂಥ ಹೋಟೆಲ್ ಇಟ್ಟಿದೀರಿ?" ಎಂದರು. ಮೂವರೂ ನಕ್ಕದ್ದಕ್ಕೆ ಅಡುಗೆಮನೆಯಿಂದ ತಮ್ಮ ಓಡಿ ಬಂದ.

ರಾತ್ರಿ ಎಲ್ಲರೂ ಒಂದೇ ಮೇಜಿಗೆ ಕೂತು ಉಂಡೆವು. ಯಾರೂ ನನ್ನನ್ನು ಓಲೈಸಲಿಲ್ಲ, ನಿನ್ನ ನಿರ್ಧಾರ ಏನಾಗಬಹುದೆಂದು ಕೆದಕಲಿಲ್ಲ. ಸಮಾನತೆ ಎಂಬುದನ್ನು ನಾನು ಇಷ್ಟು ದಿನ ಸಭೆಗಳಲ್ಲಿ ಕೂಗಿ ಹೇಳುವ ಮಾತು ಎಂದುಕೊಂಡಿದ್ದೆ. ಸರದಿ ಹಾಕಿಕೊಂಡು, ತಮಾಷೆ ಮಾಡಿಕೊಂಡು, ವಾರಕ್ಕೊಂದು ಸಲವಾದರೂ ಅದನ್ನು ಬದುಕುವ ಜನರನ್ನು ನೋಡಿದ್ದು ಇದೇ ಮೊದಲು. ಇದು ನನ್ನ ತನಿಖೆಯ ವರದಿ. ಅಪ್ಪಣೆಯಲ್ಲ. ನಿರ್ಧಾರ ನಿನ್ನದು, ನಿನ್ನೊಬ್ಬಳದು.

ಪಕ್ಕದ ಅಂಗಡಿಯ ಅಜ್ಜನಿಗೆ ನಾನು ಕೇಳಿದೆನೆಂದು ಹೇಳು. ಊಟ ತಪ್ಪಿಸಬೇಡ.

ನಿನ್ನ
ಜಗಳಗಂಟಿ

ತಾ.ಕ.: ಪತ್ರವನ್ನು ಟಪಾಲಿಗೆ ಹಾಕಲು ಹೋಟೆಲಿನವರೇ ಸೈಕಲ್ ಹಿಡಿದು ಕೆಳಗೆ ನಿಂತಿದ್ದಾರೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಮುಂದಿನ ಗುರುವಾರದ ಸರದಿ ಅವರದಿತ್ತು. ಅದನ್ನು ನಾನು ನಿನಗಾಗಿ ಅವರಿಂದ ಕೇಳಿ ಪಡೆದಿದ್ದೇನೆ. ನಾನು ಭಾನುವಾರ ಬರುತ್ತೇನೆ, ಅಂಗಡಿ ನೋಡಿಕೊಳ್ಳುತ್ತೇನೆ. ನೇರ ಹೊಲಿಗೆ ಮಾತ್ರ ಹಾಕುತ್ತೇನೆ, ರವಿಕೆಗಳಿಗೆ ಕತ್ತರಿ ಮುಟ್ಟಿಸುವುದಿಲ್ಲ, ಆಣೆ. ನೀನು ಬಂದು ಆ ಕುರ್ಚಿಯಲ್ಲಿ ಕೂರು. ನೀನು ಕೂತು, ಇನ್ನೊಬ್ಬರು ತಂದು ಬಡಿಸಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಅಮ್ಮಾ. ಕುಡಿದ ಲೋಟ ಎತ್ತಿಕೊಂಡು ಏಳಬೇಡ. ಮನಸ್ಸಿನಲ್ಲಿರುವ ದೂರುಗಳನ್ನೆಲ್ಲ ಅವರಿಗೆ ನೀನೇ ಹೇಳು, ಉತ್ತರ ಕೇಳಿಸಿಕೋ, ಆಮೇಲೆ ಯೋಚಿಸು. ಕೆಳಗಿನಿಂದ ಆಗಲೇ ಎರಡು ಸಲ ಕೆಮ್ಮಿದರು. ಇದರಲ್ಲಿ ಏನು ಬರೆದಿದ್ದೇನೆಂದು ಕೇಳುವ ಧೈರ್ಯವಿಲ್ಲ, ಪಾಪ. ನನ್ನನ್ನು ನೀನು ಕೇಳಬಾರದಿತ್ತು, ತತ್ತ್ವಕ್ಕೆ ಅದು ವಿರುದ್ಧ. ಆದರೂ ಕೇಳಿದ್ದೀಯಲ್ಲ, ಅದಕ್ಕೆ: ಹೂಂ, ಅಮ್ಮಾ.